ಎದುರುಮನೆಯವರು ತಗೊಂಡ್ರಂತೆ

ದುಡ್ಡು ಒಬ್ಬರದು, ತೀರ್ಮಾನ ವಠಾರದ್ದು. ಮೈಸೂರಿನ ನಮ್ಮ ವಠಾರದಲ್ಲಿ ಸಾಮಾನು ಕೊಳ್ಳುವ ಕ್ರಮವೇ ಹಾಗಿತ್ತು. ಬ್ಯಾಂಕಿನವರ ಮನೆಗೆ ಮಿಕ್ಸಿ ಬಂದ ದಿನ ಅದರ ಸದ್ದು ಗೋಡೆ ದಾಟಿ ಬಂದು ನಮ್ಮ ಒರಳುಕಲ್ಲಿನ ಮಾನ ಕಳೆಯಿತು. “ಮಿಕ್ಸೀಲಿ ಚಟ್ನಿ ಬಿಸಿಯಾಗಿಬಿಡುತ್ತೆ, ರುಚೀನೇ ಇರಲ್ಲ” ಎಂದಳು ಅಮ್ಮ. ಅಮ್ಮ ಒಂದು ವಸ್ತುವನ್ನು ಜರಿಯಲು ಶುರುಮಾಡಿದಳೆಂದರೆ ಚೀಟಿ ಎತ್ತುವ ಕಾಲ ಬಂತೆಂದು ಅಪ್ಪನಿಗೆ ತಿಳಿಯುತ್ತಿತ್ತು.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಈ ಮರ್ಮವನ್ನೆಲ್ಲ ಬಲ್ಲವಳು. ಅವಳು ಬುಟ್ಟಿ ಇಳಿಸುತ್ತಿದ್ದುದು ಯಾರ ಬಾಗಿಲಲ್ಲೂ ಅಲ್ಲ, ಎಲ್ಲರಿಗೂ ಕಾಣುವ ನಲ್ಲಿಯ ಪಕ್ಕದಲ್ಲಿ. ಅಮ್ಮ ಪ್ಯಾಂಟು ತಂದರೆ ಬಿಸಿಲಿಗೆ ಹಿಡಿದು, ಮಂಡಿಯ ಹತ್ತಿರ ಬೆರಳಿಟ್ಟು, “ಇದಕ್ಕೆ ಸೌಟೂ ಬರಲ್ಲ ಕಣಕ್ಕ, ಇನ್ನೊಂದು ಸೀರೆ ಹಾಕು” ಅನ್ನುವಳು. ಅಮ್ಮ “ಬೇಡ ಬಿಡು” ಎಂದು ಎದ್ದರೆ ತಡೆಯುತ್ತಲೂ ಇರಲಿಲ್ಲ. ದೊಡ್ಡ ಡಬ್ಬಿಯೊಂದನ್ನು ಸೆರಗಿನಲ್ಲಿ ಒರೆಸುತ್ತ, ತನಗೆ ತಾನೇ ಹೇಳಿಕೊಂಡ ಹಾಗೆ, “ಮೇಷ್ಟ್ರ ಮನೆಯಕ್ಕ ಇದರ ಜೋಡೀನೇ ತಗೊಂಡ್ರು” ಎನ್ನುವಳು. ಅಷ್ಟೇ. ಅಮ್ಮ ಟ್ರಂಕು ತೆಗೆಯುತ್ತಿದ್ದಳು. ಅಪ್ಪ ಆಫೀಸಿಗೆ ಇನ್ನೂ ಹಾಕಿಕೊಂಡು ಹೋಗುತ್ತಿದ್ದ ಪ್ಯಾಂಟೊಂದು ಇಡ್ಲಿ ಪಾತ್ರೆಯಾದದ್ದು ಹೀಗೆ.

ಥಾರ್‌ಸ್ಟೈನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1899ರಲ್ಲೇ ಬರೆದಿಟ್ಟಿದ್ದಾನೆ: ಉಳ್ಳವರು ನಾಲ್ಕು ಜನ ನೋಡಲೆಂದು ಕೊಳ್ಳುತ್ತಾರೆ, ಅವರಿಗಿಂತ ಕೆಳಗಿನವರು ಅವರನ್ನು ನೋಡಿ ಕೊಳ್ಳುತ್ತಾರೆ. ಸರಿಯೇ. ಆದರೆ ನಮ್ಮಲ್ಲಿ ಉಳ್ಳವರೆಂದರೆ ಇಪ್ಪತ್ತನೇ ತಾರೀಕಿನವರೆಗೆ ಸಾಲ ಕೇಳದವರು. ಉಳಿದವರ ಸಂಬಳ ಹತ್ತಕ್ಕೇ ಮುಗಿಯುತ್ತಿತ್ತು.

ಆಗ ಓನಿಡಾ ಟಿವಿಯ ಜಾಹೀರಾತಿನಲ್ಲಿ ಕೋಡು, ಬಾಲ ಇದ್ದ ಸೈತಾನನೊಬ್ಬ ಬರುತ್ತಿದ್ದ. ಕೊಂಡವನಿಗೆ ಹೆಮ್ಮೆ, ನೆರೆಯವನಿಗೆ ಹೊಟ್ಟೆಕಿಚ್ಚು ಎಂಬುದು ಅದರ ತಾತ್ಪರ್ಯ. ಅದನ್ನು ಬರೆದವರು ವಠಾರ ಕಂಡವರಲ್ಲ. 1987ರ ಜನವರಿ 25ರ ಭಾನುವಾರ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತಲ್ಲ, ಟಿವಿ ಇದ್ದದ್ದು ಬ್ಯಾಂಕಿನವರ ಮನೆಯಲ್ಲಿ ಮಾತ್ರ. ಒಂಬತ್ತೂವರೆಯ ಹೊತ್ತಿಗೆ ಅವರ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಮಕ್ಕಳು ಚಾಪೆಯ ಮೇಲೆ, ಅಜ್ಜಿಯರು ಗೋಡೆಗೊರಗಿ, ಮನೆ ಯಜಮಾನರು ಬಾಗಿಲಲ್ಲಿ ನಿಂತು. ಹೊಟ್ಟೆಕಿಚ್ಚು ಪಡಬೇಕಾದವರು ಅವರ ಮನೆಯ ಕಾಫಿ ಕುಡಿಯುತ್ತಿದ್ದರು. ಹೆಮ್ಮೆ ಪಡಬೇಕಾದವರು ಹಾಲಿನ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಬ್ಯಾಂಕಿನವರೇ ಅಪ್ಪನನ್ನು ಕಂತಿನ ಅಂಗಡಿಗೆ ಕರೆದುಕೊಂಡು ಹೋಗಿ, ಜಾಮೀನಿಗೆ ಸಹಿಯನ್ನೂ ಹಾಕಿ, ಟಿವಿ ಕೊಡಿಸಿದರು. ಅವರ ಹಜಾರ ಅವರಿಗೆ ಬೇಕಿತ್ತು, ಪಾಪ. ಮನೆಮನೆಗೂ ಟಿವಿ ಬಂದ ಮೇಲೆ ಯಾರೂ ಯಾರ ಮನೆಯಲ್ಲೂ ಅಳಲಿಲ್ಲ. ಸೀತೆಯ ಕಷ್ಟಕ್ಕೆ ಅವರವರ ಮನೆಯಲ್ಲೇ ಕಣ್ಣೊರೆಸಿಕೊಂಡರು.

ಈಗ ವಠಾರವಿಲ್ಲ, ಮೊಬೈಲ್ ಇದೆ. ಇದನ್ನು ಕೊಂಡವರು ಅದನ್ನೂ ಕೊಂಡರು ಎಂದು ಅದು ಪಾತ್ರೆಯವಳ ಮಾತನ್ನೇ ಆಡುತ್ತದೆ, ಆದರೆ ಆ ಕೊಂಡವರು ಯಾರೋ ಏನೋ. ನಕ್ಷತ್ರ ಕೊಟ್ಟವರಲ್ಲಿ ಕಾಸು ಇಸಿದುಕೊಂಡು ಹೊಗಳಿದವರೂ ಇರುತ್ತಾರೆ. ಆ ಹಾವಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತರಬೇಕಾಯಿತು. ಅಮ್ಮನ ಬಳಿ ಇದಕ್ಕಿಂತ ಪಕ್ಕಾ ಮಾನದಂಡವಿತ್ತು: ಎದುರುಮನೆಯವರು ಸೀರೆಯ ಬೆಲೆ ಹೇಳಿದರೆ ಕಾಲು ಭಾಗ ಕಳೆಯಬೇಕು, ಮೇಷ್ಟ್ರ ಮನೆಯವರು ಹೇಳಿದರೆ ಕಾಲು ಭಾಗ ಸೇರಿಸಬೇಕು. ಒಬ್ಬರಿಗೆ ಜಂಬ, ಇನ್ನೊಬ್ಬರಿಗೆ ದೃಷ್ಟಿಯ ಭಯ. ಆ ಲೆಕ್ಕ ತಪ್ಪಿದ್ದು ನಾನಂತೂ ಕಾಣೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರಿಗೆ ಏರ್ ಫ್ರೈಯರ್ ಬಂದಿದೆ. ಬಾಗಿಲಲ್ಲಿಟ್ಟ ಖಾಲಿ ಡಬ್ಬ ನೋಡಿ ತಿಳಿಯಿತು. ಹೇಗಿದೆ ಎಂದು ಕೇಳುವಷ್ಟು ಸಲಿಗೆಯಿಲ್ಲ. ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ, ಅದರಲ್ಲಿ ಮದ್ದೂರು ವಡೆ ಆಗುತ್ತದೆಯೇ? ಬೆಲೆಯನ್ನೂ ಹೇಳಿ. ಕಾಲು ಭಾಗ ನಾನೇ ಕಳೆದುಕೊಳ್ಳುತ್ತೇನೆ.