ಸರ್ವರ್ ಹೇಳಿದ್ದನ್ನು ಪೂರ್ತಿ ಓದಿ

ಪ್ರೀತಿಯ ಗೆಳತಿ,

ನಿಮ್ಮೂರ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಏರಿಸುವ ಕೆಲಸಕ್ಕೆ ನೀವು ಕೈ ಹಾಕಿದ್ದೀರಿ ಎಂದು ಓದಿ ನಿಜಕ್ಕೂ ಖುಷಿಯಾಯಿತು. ನೀವು ಹೇಳಿಕೊಂಡ ಮೂರು ತೊಡಕುಗಳನ್ನೂ ಗಮನವಿಟ್ಟು ಓದಿದೆ. ಸರ್ವರ್ ಒಳಗೆ ಬಿಡುತ್ತಿಲ್ಲ. ಬಿಟ್ಟಾಗ ನೋಡಿದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನೆಯ ಚಿಹ್ನೆಗಳಾಗಿವೆ. ಮೊನ್ನೆ ಸರ್ವರ್ ತಾನೇ ನಿಂತುಹೋಯಿತು, ಮತ್ತೆ ಏಳಲಿಲ್ಲ. ಪತ್ರದ ಕೊನೆಯಲ್ಲಿ "ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಲೇ?" ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕಂಪ್ಯೂಟರ್ ಕೆಟ್ಟು ಹಾಳಾಗುವ ಮಾಹಿತಿಗಿಂತ, ಅದನ್ನು ಸರಿಮಾಡಲು ಹೋದವರ ಅವಸರದಿಂದ ಹಾಳಾಗುವುದೇ ಹೆಚ್ಚು ಎಂಬುದು ನನ್ನ ಗಟ್ಟಿ ನಂಬಿಕೆ. ಎರರ್ ಬಂದಾಗ ಮೊದಲ ಕೆಲಸ ಅದನ್ನು ಕೊನೆಯ ಆವರಣದವರೆಗೂ ಓದುವುದು. ಸರ್ವರ್ ಏನೇನು ಹೇಳಿರುತ್ತದೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಸಂಖ್ಯೆಯಿಂದಲೇ ಶುರುಮಾಡೋಣ. ಎರರ್ ಸಂಖ್ಯೆ 2000ದ ಸಾಲಿನಲ್ಲಿದ್ದರೆ ಮಾತನಾಡುತ್ತಿರುವುದು ನಿಮ್ಮ ಕಡೆಯ ಪ್ರೋಗ್ರಾಂ. 1000ದ ಸಾಲಿನಲ್ಲಿದ್ದರೆ ಸರ್ವರ್ ತಾನೇ ಮಾತನಾಡುತ್ತಿದೆ. 2002 ಬಂದರೆ ನಿಮ್ಮ ಕರೆ ಸರ್ವರನ್ನು ಮುಟ್ಟಲೇ ಇಲ್ಲ. 1045 ಬಂದರೆ ಮುಟ್ಟಿದೆ, ಸರ್ವರ್ ಜೀವಂತವಾಗಿದೆ, ನಿಮ್ಮ ಗುರುತನ್ನು ಒಪ್ಪದೆ ಬೇಡವೆಂದಿದೆ. ಹಾಗಾಗಿ 1045 ಬಂದಾಗ ಸರ್ವರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ.

2002ರ ಸಾಲಿನ ಕೊನೆಯಲ್ಲಿ ಆವರಣದೊಳಗೆ ಇನ್ನೊಂದು ಪುಟ್ಟ ಸಂಖ್ಯೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅದು ಲಿನಕ್ಸ್ ಕೊಟ್ಟ ಕಾರಣ. 2 ಎಂದಿದ್ದರೆ ಅದೇ ಯಂತ್ರದೊಳಗಿನಿಂದ ಸರ್ವರನ್ನು ಮುಟ್ಟುವ ಸಾಕೆಟ್ ಫೈಲೇ ಇಲ್ಲ: ಸರ್ವರ್ ಓಡುತ್ತಿಲ್ಲ, ಇಲ್ಲವೇ ಫೈಲು ಬೇರೆ ಜಾಗದಲ್ಲಿದೆ. 13 ಎಂದಿದ್ದರೆ ಫೈಲಿದೆ, ಮುಟ್ಟಲು ಅನುಮತಿಯಿಲ್ಲ. 111 ಎಂದಿದ್ದರೆ ಆ ಜಾಗದಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಲಿನಕ್ಸ್‌ನಲ್ಲಿ 'ಲೋಕಲ್‌ಹೋಸ್ಟ್' ಎಂದು ಕೊಟ್ಟರೆ ಮೈಎಸ್‌ಕ್ಯೂಎಲ್ ಸಾಕೆಟ್ ಫೈಲಿನ ಮೂಲಕ ಹೋಗುತ್ತದೆ, 127.0.0.1 ಎಂದು ಕೊಟ್ಟರೆ ನೆಟ್‌ವರ್ಕ್ ಪೋರ್ಟ್ 3306ರ ಮೂಲಕ. ಎರಡೂ ಒಂದೇ ಎಂದುಕೊಂಡು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರು ಬಹಳ.

ನಿಮ್ಮ 1045ರಲ್ಲಿ "ಯೂಸಿಂಗ್ ಪಾಸ್‌ವರ್ಡ್: ನೋ" ಎಂದಿತ್ತು ಎಂದು ಬರೆದಿದ್ದೀರಿ. ಅಂದರೆ ಪಾಸ್‌ವರ್ಡ್ ತಪ್ಪಿರಲಿಲ್ಲ, ಹೋಗಿಯೇ ಇರಲಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರವುಳ್ಳ ರೂಟ್ ಖಾತೆ ಸಾಮಾನ್ಯವಾಗಿ ಪಾಸ್‌ವರ್ಡನ್ನೇ ಕೇಳುವುದಿಲ್ಲ; ಆಪರೇಟಿಂಗ್ ಸಿಸ್ಟಂನಲ್ಲಿ ನೀವು ಯಾರು ಎಂಬುದನ್ನಷ್ಟೇ ನೋಡುತ್ತದೆ. ಆದೇಶದ ಮುಂದೆ ಸುಡೋ ಸೇರಿಸಿ ಒಳಹೋಗಿ, ಪುಸ್ತಕಪಟ್ಟಿಗೆಂದೇ ಒಂದು ಬೇರೆ ಖಾತೆ ಮಾಡಿ, ಆ ಒಂದು ಡೇಟಾಬೇಸಿನ ಮೇಲಷ್ಟೇ ಅಧಿಕಾರ ಕೊಡಿ. ರೂಟನ್ನು ವೆಬ್‌ಪುಟದ ಕೈಗೆ ಕೊಡಬೇಡಿ.

ಕೌಂಟರಿನ ಕಂಪ್ಯೂಟರಿನಿಂದ ಸಂಪರ್ಕ ಸಿಗದಿರುವುದು ಬೇರೆಯದೇ ಕಥೆ. ಉಬುಂಟು ಮೈಎಸ್‌ಕ್ಯೂಎಲನ್ನು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುವಂತೆ ಕಟ್ಟಿಹಾಕಿರುತ್ತದೆ, ಹಾಗಾಗಿ ಹೊರಗಿನ ಯಂತ್ರಕ್ಕೆ 2003 ಬರುತ್ತದೆ. ಬೈಂಡ್ ಅಡ್ರೆಸ್ ಎಂಬ ಸೆಟ್ಟಿಂಗಿನಲ್ಲಿ ಗ್ರಂಥಾಲಯದ ಒಳಜಾಲದಲ್ಲಿ ಸರ್ವರ್ ಯಂತ್ರಕ್ಕಿರುವ ವಿಳಾಸ ಹಾಕಿ ರೀಸ್ಟಾರ್ಟ್ ಮಾಡಿ. ಈಗ 2003 ಹೋಗಿ 1130 ಬರಬಹುದು. ಬೇಸರಿಸಬೇಡಿ, ಅದು ಮುಂದಿನ ಮೆಟ್ಟಿಲು: ಕರೆ ಸರ್ವರನ್ನು ಮುಟ್ಟಿದೆ, ಆ ಯಂತ್ರದಿಂದ ಬರುವವರಿಗೆ ಖಾತೆ ಇಲ್ಲ ಅಷ್ಟೆ. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಹೆಸರೂ ಅದು ಬರುವ ವಿಳಾಸವೂ ಸೇರಿದ ಜೋಡಿ. ಲೋಕಲ್‌ಹೋಸ್ಟ್‌ಗೆ ಮಾಡಿದ ಖಾತೆ ಕೌಂಟರಿನ ಯಂತ್ರಕ್ಕೆ ಅನ್ವಯಿಸುವುದಿಲ್ಲ. ಆದರೆ 3306 ಪೋರ್ಟನ್ನು ಇಂಟರ್ನೆಟ್ಟಿಗೆ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ನಿಮ್ಮ ಪ್ರಶ್ನೆಯ ಚಿಹ್ನೆಗಳು. ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನ ಒಂದು ಸಣ್ಣ ಕಂಪನಿಯಲ್ಲಿ ಹುಟ್ಟಿತು. ಮೈಕೆಲ್ ವಿಡೇನಿಯಸ್, ಡೇವಿಡ್ ಆಕ್ಸ್‌ಮಾರ್ಕ್, ಅಲನ್ ಲಾರ್ಸನ್ ಅದನ್ನು ಕಟ್ಟಿದವರು. ಬಹುಕಾಲ ಅದರ ಮೂಲ ಅಕ್ಷರವ್ಯವಸ್ಥೆ ಲ್ಯಾಟಿನ್1, ಅಕಾರಾದಿ ಕ್ರಮ ಸ್ವೀಡಿಷ್. ನೀವು ಏನನ್ನೂ ಹೇಳದೆ ಟೇಬಲ್ ಮಾಡಿದರೆ ಅದಕ್ಕೆ ಕನ್ನಡವೆಂಬುದೇ ಗೊತ್ತಿರುತ್ತಿರಲಿಲ್ಲ. ಯುಟಿಎಫ್8 ಎಂದು ಬರೆದರೂ ಅದು ಅಕ್ಷರಕ್ಕೆ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತಿತ್ತು. ಪೂರ್ತಿ 4 ಬೈಟ್ ಹಿಡಿಯುವ ಯುಟಿಎಫ್8ಎಂಬಿ4 ಬಂದದ್ದು 2010ರಲ್ಲಿ, 5.5ರ ಸರಣಿಯಲ್ಲಿ. ಏನನ್ನೂ ಹೇಳದಿದ್ದರೂ ಅದೇ ಸಿಗುವಂತಾದದ್ದು 2018ರ 8.0ಯಿಂದ. ಕನ್ನಡದ ಪ್ರತಿಯೊಂದು ಯೂನಿಕೋಡ್ ಅಕ್ಷರಕ್ಕೂ 3 ಬೈಟ್ ಸಾಕು. ಹಾಗಾಗಿ ಹಳೆಯ ಯುಟಿಎಫ್8ನಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಯಾರೋ ಒಬ್ಬರು ಎಮೋಜಿ ಹಾಕಿದ ದಿನ 1366 ಎರರ್ ಬರುತ್ತಿತ್ತು.

ನಿಮ್ಮ ಟೇಬಲನ್ನು ಹಳೆಯ ಸರ್ವರಿನಿಂದ ತಂದದ್ದು ಎಂದಿದ್ದೀರಿ. ಹೀಗೆ ಮಾಡಿ. ಕೆಟ್ಟುಹೋದಂತೆ ಕಾಣುವ ಒಂದು ಶೀರ್ಷಿಕೆಯನ್ನು ಹೆಕ್ಸ್ ಫಂಕ್ಷನ್ನಿನಲ್ಲಿ ಹಾಕಿ ನೋಡಿ. ಅದು ಪರದೆಯ ಮೇಲಿನ ತೋರಿಕೆಯನ್ನು ಬದಿಗಿಟ್ಟು ಡಿಸ್ಕಿನಲ್ಲಿರುವ ಬೈಟುಗಳನ್ನೇ ತೋರಿಸುತ್ತದೆ. ಕನ್ನಡದ ಅಕ್ಷರಗಳೆಲ್ಲ ಇ0 ಬಿ2 ಅಥವಾ ಇ0 ಬಿ3 ಎಂದೇ ಆರಂಭವಾಗುತ್ತವೆ; 'ಕ' ಎಂದರೆ ಇ0 ಬಿ2 95. ಟೇಬಲ್ ಯುಟಿಎಫ್8ಎಂಬಿ4 ಆಗಿದ್ದು ಇದು ಕಂಡರೆ ನಿಮ್ಮ ಕನ್ನಡ ಕ್ಷೇಮವಾಗಿದೆ. ತೋರಿಸುವ ಪುಟದ ಕನೆಕ್ಷನ್ನಿಗೆ ಯುಟಿಎಫ್8ಎಂಬಿ4 ಎಂದು ಹೇಳಿದರೆ ಮುಗಿಯಿತು. ಬರೀ 3ಎಫ್, 3ಎಫ್, 3ಎಫ್ ಎಂದು ಕಂಡರೆ ಅಲ್ಲಿ ನಿಜವಾಗಿ ಪ್ರಶ್ನೆಯ ಚಿಹ್ನೆಗಳೇ ಕೂತಿವೆ, ಮೂಲ ಅಕ್ಷರ ಹೋಗಿದೆ. ಯಾವ ಆದೇಶದಿಂದಲೂ ಅದು ವಾಪಸು ಬರುವುದಿಲ್ಲ. ಪುಸ್ತಕದ ಕಪಾಟಿಗೆ, ಹಳೆಯ ರಿಜಿಸ್ಟರಿಗೆ ಮರಳಬೇಕು.

ಮೂರನೆಯ ಸ್ಥಿತಿಯೊಂದಿದೆ, ನಿಮ್ಮ ಕೆಲವು ಸಾಲುಗಳು ಅದೇ ಇರಬೇಕು. 'ಕ' ಇರಬೇಕಾದ ಕಡೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎ, ಒಂದು ಪುಟ್ಟ 2, ಒಂದು ಕರಿ ಚುಕ್ಕೆ ಕಾಣುತ್ತವೆ. ಇಲ್ಲಿ ಬೈಟುಗಳು ಸರಿಯಾಗಿವೆ, ಅವಕ್ಕೆ ಅಂಟಿಸಿದ ಹೆಸರು ತಪ್ಪು. ಡಬ್ಬಿಯಲ್ಲಿ ಸಕ್ಕರೆ ಇದ್ದು ಚೀಟಿಯಲ್ಲಿ ಉಪ್ಪು ಎಂದು ಬರೆದ ಹಾಗೆ. ಕಾಲಂ ಇನ್ನೂ ಲ್ಯಾಟಿನ್1 ಆಗಿದ್ದು ಹೆಕ್ಸ್‌ನಲ್ಲಿ ಇ0 ಬಿ2 ಕಂಡರೆ, ಅದನ್ನು ನೇರವಾಗಿ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಬೇಡಿ. ಸರ್ವರ್ ಆ ಚೀಟಿಯನ್ನೇ ನಂಬಿ ಎ, 2, ಚುಕ್ಕೆಗಳನ್ನೇ ನಿಷ್ಠೆಯಿಂದ ಅನುವಾದಿಸಿಡುತ್ತದೆ. ಆಮೇಲೆ ಹೆಕ್ಸ್‌ನಲ್ಲಿ ಸಿ3 ಎ0 ಎಂದು ಕಾಣತೊಡಗುತ್ತದೆ, ಗಂಟು ಎರಡು ಸುತ್ತಿನದಾಗುತ್ತದೆ. ಸರಿಯಾದ ದಾರಿ ಎರಡು ಹೆಜ್ಜೆಯದು: ಮೊದಲು ಕಾಲಮನ್ನು ಬ್ಲಾಬ್ ಮಾಡಿ, ಆಗ ಅದು ಹೆಸರಿಲ್ಲದ ಬರೀ ಬೈಟುಗಳಾಗುತ್ತದೆ. ನಂತರ ಬ್ಲಾಬಿನಿಂದ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ಇದನ್ನು ಮೂಲ ಟೇಬಲಿನ ಮೇಲೆ ಮಾಡದೆ, ಒಂದು ನಕಲು ಟೇಬಲ್ ಮಾಡಿಕೊಂಡು ಅದರ ಮೇಲೆ ಮೊದಲು ನೋಡಿ.

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್‌ಪೂರ್ವ ಫೈಲುಗಳಿಂದ ಸೇರಿಸಿದ ಪಟ್ಟಿಗಳೂ ಇವೆ ಎಂದಿರಲ್ಲ, ಅವುಗಳಲ್ಲಿ ಇ0 ಬಿ2 ಎಲ್ಲೂ ಸಿಗುವುದಿಲ್ಲ. ಅಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಅದು ಡೇಟಾಬೇಸಿನ ದೋಷವಲ್ಲ. ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಏರಿಸಿ.

ಕಾಲಮಿನ ಉದ್ದದ ಬಗ್ಗೆಯೂ ಒಂದು ಮಾತು. ನೀವು ಲೇಖಕರ ಹೆಸರಿಗೆ ವಾರ್‌ಚಾರ್ 20 ಇಟ್ಟಿದ್ದೀರಿ, ಹೆಸರು ಹಿಡಿಸುತ್ತಿಲ್ಲ ಎಂಬ 1406 ಬರುತ್ತಿದೆ. 'ಲಕ್ಷ್ಮೀನಾರಾಯಣ' ನಮ್ಮ ಕಣ್ಣಿಗೆ ಆರು ಅಕ್ಷರ. ಮೈಎಸ್‌ಕ್ಯೂಎಲ್ ಒತ್ತು, ಗುಣಿತ, ವಿರಾಮಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತದೆ, ಅದರ ಲೆಕ್ಕ 13. 'ಸ್ತ್ರೀ' ಎಂಬ ಒಂದೇ ಅಕ್ಷರ ಅದಕ್ಕೆ 6. ಊರಿನ ಹೆಸರು, ತಂದೆಯ ಹೆಸರು ಸೇರಿದರೆ 20 ಎಲ್ಲಿ ಸಾಕು? ಧಾರಾಳವಾಗಿ 255 ಇಡಿ. ಹಳೆಯ ಬಗೆಯ ಟೇಬಲಿನಲ್ಲಿ ಅದಕ್ಕೆ ಇಂಡೆಕ್ಸ್ ಹಾಕಹೋದರೆ 1071 ಬರಬಹುದು: ಅಲ್ಲಿ ಮಿತಿ 767 ಬೈಟ್, ನಾಲ್ಕರಂತೆ 255 ಅಕ್ಷರಕ್ಕೆ 1020 ಬೈಟ್ ಬೇಕು. ಎಷ್ಟೋ ಪ್ರೋಗ್ರಾಂಗಳಲ್ಲಿ ಕಾಣುವ 191 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಹೀಗೆ, 191ರ ನಾಲ್ಕು ಪಟ್ಟು 764. ಟೇಬಲಿನ ರೋ ಫಾರ್ಮ್ಯಾಟನ್ನು ಡೈನಮಿಕ್ ಮಾಡಿದರೆ ಮಿತಿ 3072 ಬೈಟಿಗೆ ಏರುತ್ತದೆ, ನೀವು 191ರ ಗೊಡವೆಗೆ ಹೋಗಬೇಕಿಲ್ಲ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿದ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಟೇಬಲ್ ಇಲ್ಲ ಎಂಬ 1146 ಕೊಡುವುದಕ್ಕೆ ಕಾರಣ ಸಣ್ಣದು. ಟೇಬಲಿನ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದು ಎಣಿಸುತ್ತದೆ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿ ಬರೆಯುವ ರೂಢಿ ಮಾಡಿಕೊಳ್ಳಿ.

ಇನ್ನು ನಿಂತುಹೋದ ಸರ್ವರ್. ಇಲ್ಲಿ ನೀವು ತುಂಬ ಎಚ್ಚರದಿಂದಿರಬೇಕು ಎಂದು ಕೇಳಿಕೊಳ್ಳುತ್ತೇನೆ. ಉಬುಂಟುವಿನಲ್ಲಿ ಎರರ್ ಲಾಗ್ ಇರುವುದು ವಾರ್, ಅದರೊಳಗೆ ಲಾಗ್, ಅದರೊಳಗೆ ಮೈಎಸ್‌ಕ್ಯೂಎಲ್ ಎಂಬ ಫೋಲ್ಡರಿನಲ್ಲಿ. ಕೊನೆಯ ಸಾಲು ಹೆಚ್ಚಾಗಿ "ನಿಲ್ಲಿಸುತ್ತಿದ್ದೇನೆ" ಎಂಬುದಷ್ಟೇ ಆಗಿರುತ್ತದೆ. ಅಲ್ಲಿಂದ ಮೇಲಕ್ಕೆ ಹೋಗುತ್ತಾ ಆ ಸಲ ಎರರ್ ಎಂದು ಗುರುತಿರುವ ಸಾಲುಗಳಲ್ಲಿ ಎಲ್ಲಕ್ಕಿಂತ ಮೇಲಿನ, ಮೊದಲ ಸಾಲನ್ನು ಹುಡುಕಿ. ನಿಜವಾದ ಕಾರಣ ಅಲ್ಲಿರುತ್ತದೆ, ಕೆಳಗಿನವೆಲ್ಲ ಅದರ ಪರಿಣಾಮ.

ನಿಮ್ಮಲ್ಲಿ ಎರಡು ಸಾಧ್ಯತೆ ಕಾಣುತ್ತಿದೆ. ಲಾಗಿನಲ್ಲಿ 28 ಎಂಬ ಸಂಖ್ಯೆ ಇದ್ದರೆ ಡಿಸ್ಕ್ ತುಂಬಿದೆ. 8.0ಯಿಂದೀಚೆಗೆ ಬೈನರಿ ಲಾಗ್ ತಾನಾಗಿಯೇ ಚಾಲೂ ಇರುತ್ತದೆ. ಪ್ರತಿ ಬದಲಾವಣೆಯನ್ನೂ ಬರೆದಿಟ್ಟು 30 ದಿನ ಉಳಿಸಿಕೊಳ್ಳುತ್ತದೆ. ನೀವು ಇಡೀ ಪಟ್ಟಿಯನ್ನು ಅಳಿಸಿ ಮತ್ತೆ ಮತ್ತೆ ಏರಿಸಿದಾಗಲೆಲ್ಲ ಅದರ ಇನ್ನೊಂದು ಪ್ರತಿ ಅಲ್ಲಿ ಬೆಳೆದಿದೆ. ಆ ಫೈಲುಗಳನ್ನು ಕೈಯಿಂದ ಅಳಿಸಬೇಡಿ. ಹಳೆಯ ಪ್ಯಾಕೇಜುಗಳನ್ನೋ ಸಿಸ್ಟಂ ಲಾಗುಗಳನ್ನೋ ತೆಗೆದು ಸ್ವಲ್ಪ ಜಾಗ ಮಾಡಿ, ಸರ್ವರ್ ಎಬ್ಬಿಸಿ, ಒಳಗಿನಿಂದ ಪರ್ಜ್ ಬೈನರಿ ಲಾಗ್ಸ್ ಎಂಬ ಆದೇಶ ಕೊಡಿ. ಇಟ್ಟುಕೊಳ್ಳುವ ಅವಧಿಯನ್ನೂ ನಿಮ್ಮ ಅಗತ್ಯಕ್ಕೆ ತಕ್ಕಂತೆ ಇಳಿಸಬಹುದು.

ಲಾಗಿನಲ್ಲಿ ಯಾವ ದೂರೂ ಇಲ್ಲದೆ ಮಾತು ನಡುವೆಯೇ ತುಂಡಾಗಿದ್ದರೆ, ಲಿನಕ್ಸೇ ಸರ್ವರನ್ನು ಕೊಂದಿರಬಹುದು. ಮೆಮೊರಿ ಸಾಲದಾದಾಗ ಕರ್ನೆಲ್ ಅತಿ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮನ್ನು ಮುಗಿಸುತ್ತದೆ, ಅದರ ದಾಖಲೆ ಕರ್ನೆಲ್ಲಿನ ಲಾಗಿನಲ್ಲಿ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನ ಸಂಗ್ರಹ ಎಂಜಿನ್ ಇನೋಡಿಬಿ ಮೆಮೊರಿಯಲ್ಲಿ ಹಿಡಿದಿಡುವ ಜಾಗ, ಅಂದರೆ ಬಫರ್ ಪೂಲ್, ಮೂಲತಃ 128 ಎಂಬಿ. ದೊಡ್ಡ ಯಂತ್ರಕ್ಕೆಂದು ಯಾರೋ ಬರೆದ ಸೆಟ್ಟಿಂಗ್ ನಕಲು ಮಾಡಿ ಅದನ್ನು 4 ಜಿಬಿ ಮಾಡಿದ್ದರೆ ನಿಮ್ಮ ಹಳೆಯ ಯಂತ್ರ ತಡೆದುಕೊಳ್ಳುವುದಿಲ್ಲ. ಗ್ರಂಥಾಲಯದ ಪಟ್ಟಿಗೆ 128 ಎಂಬಿ ಬೇಕಾದಷ್ಟಾಯಿತು. ಮ್ಯಾಕ್ಸ್ ಕನೆಕ್ಷನ್ಸ್ ವಿಷಯವೂ ಹಾಗೆಯೇ: ಮೂಲ ಮಿತಿ 151. ಎರಡು ಕಂಪ್ಯೂಟರಿನ ಗ್ರಂಥಾಲಯದಲ್ಲಿ ಕನೆಕ್ಷನ್‌ಗಳು ಹೆಚ್ಚಾದವು ಎಂಬ 1040 ಬಂದರೆ ಯಾವುದೋ ಪುಟ ಕನೆಕ್ಷನ್ ಮುಚ್ಚದೆ ಬಿಡುತ್ತಿದೆ. ಮಿತಿ ಏರಿಸಿದರೆ ಆ ಸೋರಿಕೆ ಕಣ್ಣಿಗೆ ಮರೆಯಾಗುತ್ತದೆ, ನಿಲ್ಲುವುದಿಲ್ಲ.

"ಐಬಿಡೇಟಾ1 ಅಳಿಸಿ, ಸರ್ವರ್ ಏಳುತ್ತದೆ" ಎಂದು ನಿಮಗೆ ಯಾರೋ ಹೇಳಿದ್ದಾರಂತೆ. ಅವರ ಮಾತು ಕೇಳಬೇಡಿ. ಆ ಫೈಲು ನಿಮ್ಮ ಟೇಬಲುಗಳ ಪ್ರಾಣಕ್ಕೆ ಅಂಟಿಕೊಂಡದ್ದು. ಏಳದ ಸರ್ವರನ್ನು ಬಲವಂತವಾಗಿ ಎಬ್ಬಿಸುವ ಇನೋಡಿಬಿ ಫೋರ್ಸ್ ರಿಕವರಿ ಎಂಬ ಸೆಟ್ಟಿಂಗಿನಲ್ಲೂ 1ರಿಂದ 6ರವರೆಗೆ ಹಂತಗಳಿವೆ; 4 ಮತ್ತು ಅದಕ್ಕೂ ಮೇಲಿನವು ಫೈಲುಗಳನ್ನು ಶಾಶ್ವತವಾಗಿ ಕೆಡಿಸಬಲ್ಲವು ಎಂದು ಮೈಎಸ್‌ಕ್ಯೂಎಲ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಹಾಗಾಗಿ ಈ ಪತ್ರದಲ್ಲಿ ಹೇಳಿದ ಯಾವುದನ್ನೇ ಮಾಡುವ ಮೊದಲು, ಸರ್ವರ್ ಪೂರ್ತಿ ನಿಂತಿರುವಾಗ, ಇಡೀ ಡೇಟಾ ಫೋಲ್ಡರನ್ನು ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಸರ್ವರ್ ಎದ್ದ ಮೇಲೆ ಮೈಎಸ್‌ಕ್ಯೂಎಲ್‌ಡಂಪಿನಿಂದ ಬ್ಯಾಕಪ್ ತೆಗೆದು, ಬೇರೊಂದು ಹೆಸರಿನ ಡೇಟಾಬೇಸಿಗೆ ರಿಸ್ಟೋರ್ ಮಾಡಿ, ಒಂದೆರಡು ಶೀರ್ಷಿಕೆಗಳ ಹೆಕ್ಸ್ ನೋಡಿ. ಇ0 ಬಿ2 ಕಂಡರೆ ಆ ಬ್ಯಾಕಪ್ ನಂಬಬಹುದು.

ನೀವು ಏರಿಸುತ್ತಿರುವ ಪಟ್ಟಿಯಲ್ಲಿ ಈಗ ಅಂಗಡಿಯಲ್ಲಿ ಸಿಗದ ಪುಸ್ತಕಗಳೂ ಇವೆ ಎಂದು ಬರೆದಿದ್ದೀರಿ. ಅದಕ್ಕೇ ಇಷ್ಟುದ್ದ ಬರೆದೆ. ಮುಂದಿನ ಪತ್ರದಲ್ಲಿ ಮೂರು ಸಂಗತಿ ಕಳಿಸಿ: ಎರರ್ ಲಾಗಿನ ಆ ಮೊದಲ ಎರರ್ ಸಾಲು, ಶೋ ಕ್ರಿಯೇಟ್ ಟೇಬಲ್ ಕೊಟ್ಟಾಗ ಬರುವ ವಿವರ, ಕೆಟ್ಟ ಶೀರ್ಷಿಕೆಯೊಂದರ ಹೆಕ್ಸ್. ಅವು ಬರುವವರೆಗೆ ಕಾಲಮುಗಳನ್ನು ಮುಟ್ಟದೆ ಹಾಗೇ ಬಿಟ್ಟಿರಿ. ಬ್ಲಾಬಿನ ಹೆಜ್ಜೆಗಳನ್ನು ನಿಮ್ಮ ಟೇಬಲಿಗೆ ಹೊಂದುವಂತೆ ನಾನೇ ಬರೆದು ಕಳಿಸುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳೆಯ