ಕುದಾನ್‌ಶಿತಾದಲ್ಲಿ ಒಮ್ಮೆ ಇಳಿಯಿರಿ

ಉರಯಾಸುವಿನಲ್ಲಿರುವ ನಮಗೆಲ್ಲ ತೋಜಾಯ್ ಲೈನ್ ಅಂದರೆ ಬೆಳಿಗ್ಗೆ ನೂಕುನುಗ್ಗಲು, ರಾತ್ರಿ ತೂಕಡಿಕೆ. ಅದೇ ಲೈನಿನಲ್ಲಿ, ಟ್ರೈನ್ ಬದಲಿಸದೆ, ಸುಮಾರು 20 ನಿಮಿಷಕ್ಕೆ ಕುದಾನ್‌ಶಿತಾ ಸಿಗುತ್ತೆ. ಅಲ್ಲಿಂದ ಐದಾರು ನಿಮಿಷ ನಡೆದರೆ ನಿಪ್ಪೊನ್ ಬುದೋಕಾನ್. ಕಳೆದ ತಿಂಗಳು ನಾವು ನಾಲ್ಕು ಜನ ಅಲ್ಲಿ ಒಂದು ಜಪಾನಿ ರಾಕ್ ತಂಡದ ಕಾರ್ಯಕ್ರಮ ನೋಡಿ ಬಂದೆವು.

2ನೇ ಗೇಟಿನಿಂದ ಹೊರಬಿದ್ದು ಏರು ಹತ್ತಿದರೆ ಎಡಕ್ಕೆ ಕೋಟೆಯ ಕಂದಕ, ಅದರಾಚೆ 1636ರ ತಾಯಾಸು ಹೆಬ್ಬಾಗಿಲು. ನೇರ ನುಗ್ಗೋಕಾಗದಂತೆ ದಾರಿ ಅಡ್ಡ ತಿರುಗುತ್ತೆ. ಗಿಟಾರ್ ಕೇಳಲು ಹೋಗುವವರು ಹಳೇ ಎದೋ ಕೋಟೆಯ ಬಾಗಿಲಲ್ಲಿ ಸಾಲಾಗಿ ಹೋಗುವುದೇ ಒಂದು ನೋಟ.

ಬುದೋಕಾನ್ ಕಟ್ಟಿದ್ದು ಹಾಡಿಗಲ್ಲ, 1964ರ ಒಲಿಂಪಿಕ್ಸ್ ಜೂಡೋಗೆ. ಎಂಟು ಮೂಲೆಯ ಚಾವಣಿ ನಾರಾದ ಹೋರ್ಯೂಜಿ ದೇವಾಲಯದ ಮಂಟಪದ ಮಾದರಿ. ತುದಿಯ ಚಿನ್ನದ ಬಣ್ಣದ ಕಳಶಕ್ಕೆ ಇಲ್ಲಿಯವರು ‘ಈರುಳ್ಳಿ’ ಅಂತಾರೆ! ಆ ಒಲಿಂಪಿಕ್ಸ್‌ನಲ್ಲಿ ಹಾಲೆಂಡಿನ ಆಂಟನ್ ಗೇಸಿಂಕ್ ಜಪಾನಿನ ಕಾಮಿನಾಗಾರನ್ನು ಇಲ್ಲೇ ಸೋಲಿಸಿದರು. ಖುಷಿಯಲ್ಲಿ ಅಂಕಣಕ್ಕೆ ನುಗ್ಗಿದ ತಮ್ಮವರನ್ನು ಕೈ ಎತ್ತಿ ತಡೆದು, ಎದುರಾಳಿಗೆ ಬಗ್ಗಿ ವಂದಿಸಿದರು. 1966ರಲ್ಲಿ ಬೀಟಲ್ಸ್ ಬಂದಾಗ ‘ಪವಿತ್ರ ಜಾಗದಲ್ಲಿ ಇದೆಂಥ ಗಲಾಟೆ’ ಎಂದು ವಿರೋಧ ಎದ್ದಿತ್ತು. ಪೊಲೀಸ್ ಕಾವಲಿನಲ್ಲೇ ಮೂರು ದಿನ ಐದು ಕಾರ್ಯಕ್ರಮ ನಡೆದವು. ಈಗ ಇಲ್ಲಿ ಹಾಡುವುದೇ ಜಪಾನಿ ತಂಡಗಳ ಕನಸು. ಹೊರಗಿನವರು ಬಂದಿದ್ದರಿಂದ ಆ ಜಾಗ ಕೆಡಲಿಲ್ಲ, ಹೆಸರು ಮಾಡಿತು.

ನಮ್ಮ ಜೊತೆ ಬಂದ ದಾವಣಗೆರೆಯ ಗೆಳೆಯ ಹೋಟೆಲ್ ಅಡುಗೆಮನೆಯಲ್ಲಿ ಕೆಲಸದಲ್ಲಿದ್ದಾನೆ. ಕರಾರು ಮುಗಿದು ಇನ್ನೇನು ಊರಿಗೆ ವಾಪಸ್. ಆರು ವರ್ಷ ಇದೇ ಲೈನಿನಲ್ಲಿ ಓಡಾಡಿದರೂ ಕುದಾನ್‌ಶಿತಾದಲ್ಲಿ ಇಳಿದಿರಲಿಲ್ಲ. ಟಿಕೆಟ್ 9,000 ಯೆನ್ ಅಂದಾಗ, “ಬ್ಯಾಡ ಬಿಡ್ರಿ ಅಣ್ಣಾ, ಊರಾಗೆ ಹುಡುಗಿ ಫೀಸು ಕಟ್ಟಬೇಕು” ಅಂದ. ಮಾತು ಸುಳ್ಳಲ್ಲ. ಆದರೆ ಅಕೌಂಟ್ಸ್ ಕೆಲಸದ ನಾವು ಅವನ ಆರು ವರ್ಷದ ಲೆಕ್ಕ ಕೇಳಿದೆವು. ಮನೆ ಸಾಲ ತೀರಿದೆ, ತಂಗಿ ಮದುವೆ ಆಗಿದೆ, ಬೋರ್‌ವೆಲ್ ಕೊರೆಸಿದೆ. ತನಗೆ ಅಂತ ಖರ್ಚು ಬರೆಯಲು ಒಂದು ಸಾಲೂ ಇಲ್ಲ. ಮೂವರು ಸೇರಿ ಅವನ ಟಿಕೆಟ್ ಹಾಕಿದೆವು.

ನಮ್ಮ ಸೀಟು ಎರಡನೇ ಮಹಡಿ. ಕೆಳಗೆ ನೋಡಿದರೆ ಬಾವಿಗೆ ಬಗ್ಗಿದ ಹಾಗೆ. ಚಾವಣಿ ನಡುವೆ ಜಪಾನಿನ ಬಾವುಟ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಾಗಿನ ದೂಳು, ತಳ್ಳಾಟ ಬಲ್ಲ ನಮಗೆ ಇಲ್ಲಿಯ ಶಿಸ್ತು ಹೊಸತು. ಎಲ್ಲರೂ ಎದ್ದು ಕುಣಿಯುತ್ತಾರೆ, ಆದರೆ ತಮ್ಮ ಸೀಟಿನ ಮುಂದೆ ಮಾತ್ರ. ಡ್ರಮ್ಮಿನ ಪೆಟ್ಟು ಎದೆಗೇ ಬೀಳುತ್ತೆ. ನಮ್ಮ ಗೆಳೆಯ ಮೂರನೇ ಹಾಡಿಗೆ ಎದ್ದವನು ಮತ್ತೆ ಕೂರಲಿಲ್ಲ.

9 ಗಂಟೆಗೆ ಮುಗಿಯಿತು. ಊರಲ್ಲಿ ಆಗ ಸಂಜೆ ಐದೂವರೆ. ಹೊರಗೆ ಬಂದು ಅವನು ತಾಯಿಗೆ ವಿಡಿಯೊ ಕಾಲ್ ಮಾಡಿದ. “ಅವ್ವಾ, ನೋಡಿಲ್ಲಿ, ಇದರೊಳಗಿದ್ದೆ ನಾನು” ಎಂದು ಚಾವಣಿ ತೋರಿಸಿದ.

ಹೋಗುವವರಿಗೆ ಎರಡು ಮಾತು. ದೊಡ್ಡ ತಂಡಗಳ ಟಿಕೆಟ್ ಹೆಚ್ಚಾಗಿ ಲಾಟರಿಯಲ್ಲೇ ಸಿಗುವುದು. ಜಪಾನಿ ಫೋನ್ ನಂಬರ್ ಇರಲಿ, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ದುಡ್ಡು ಬೇಡವೆಂದರೆ ಏಪ್ರಿಲ್ ಮೊದಲಿಗೆ ಪಕ್ಕದ ಚಿದೋರಿಗಾಫುಚಿ ಕಂದಕದ ಚೆರಿ ಹೂವು ನೋಡಿ. ಅದಕ್ಕೆ ಟಿಕೆಟ್ಟೇ ಇಲ್ಲ.