ಮೊದಲು ಫೋಲ್ಡರ್, ಆಮೇಲೆ ಪುಟ

ನಿವೃತ್ತನಾದ ಮರುವರ್ಷ, ಅಂದರೆ 2006ರಲ್ಲಿ, ನಮ್ಮ ಕೊಪ್ಪಳ ಜಿಲ್ಲೆಯ ಪ್ರಾಚೀನ ಸ್ಥಳಗಳನ್ನು ಕುರಿತು ಕನ್ನಡದಲ್ಲೊಂದು ಜಾಲತಾಣ ರಚಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದಲ್ಲವೇ?

ನನ್ನೊಡನೆ ದುಡಿದ ಚಿತ್ರಕಲಾ ಶಿಕ್ಷಕರೊಬ್ಬರು ರಜೆಯ ದಿನಗಳಲ್ಲಿ ಸೈಕಲ್ ತುಳಿದು ಹೋಗಿ ಬರೆದ ರೇಖಾಚಿತ್ರಗಳೇ ನನ್ನ ಬಂಡವಾಳ. ಯಲಬುರ್ಗಾ ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯ, ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಕುಷ್ಟಗಿ ತಾಲ್ಲೂಕಿನ ಪುರದ ಸೋಮೇಶ್ವರ ಗುಡಿ, ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳು ಎಲ್ಲವೂ ಅದರಲ್ಲಿದ್ದವು. ಆ ಹೊತ್ತಿಗೆ ಅವರ ದೃಷ್ಟಿ ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು. “ಕಣ್ಣು ಪೂರಾ ಹೋಗೂದ್ರೊಳಗ ಒಮ್ಮೆ ತೋರಸ್ರಿ” ಎಂದಿದ್ದರು.

ಆತುರದಲ್ಲಿ ನಾನು ಡ್ರೀಮ್‌ವೀವರ್ ತೆರೆದು ನೇರವಾಗಿ ಪುಟ ಬರೆಯಲು ತೊಡಗಿದೆ. ಚಿತ್ರಗಳು ಕೆಲವು ಡೆಸ್ಕ್‌ಟಾಪ್‌ನಲ್ಲಿ, ಕೆಲವು ಬೇರೆ ಡ್ರೈವ್‌ನಲ್ಲಿ ಚದುರಿದ್ದವು. ಬರೆಹವೋ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿತ್ತು. ನನ್ನ ಗಣಕದಲ್ಲಿ ಎಲ್ಲವೂ ಅಂದವಾಗಿಯೇ ಕಂಡಿತು. ಪುಟಗಳನ್ನು ಸಿ.ಡಿ.ಗೆ ತುಂಬಿಕೊಂಡು ಕುಷ್ಟಗಿಯ ಅವರ ಮನೆಗೆ ಹೋದೆ. ಅಲ್ಲಿ ಚಿತ್ರಗಳ ಜಾಗದಲ್ಲಿ ಕೆಂಪು ಗುಣಾಕಾರ ಚಿಹ್ನೆಯ ಖಾಲಿ ಚೌಕಗಳು, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಅವರು ಪರದೆಗೆ ಮುಖವಿಟ್ಟು ನೋಡಿ, “ಇಷ್ಟು ಕೆಟ್ಟಾವೇನ್ರಿ ನನ್ನ ಕಣ್ಣು?” ಎಂದರು. ತಪ್ಪು ಅವರ ಕಣ್ಣಿನದಲ್ಲ, ನನ್ನದೆಂದು ಹೇಳುವಾಗ ನಾಚಿಕೆಯಾಯಿತು.

ಗಂಗಾವತಿಯಲ್ಲಿ ಗಣಕ ಕಲಿಸುತ್ತಿದ್ದ ಯುವಕನೊಬ್ಬ ನನ್ನ ಕಣ್ಣು ತೆರೆಸಿದ. ಪುಟಕ್ಕಿಂತ ಮೊದಲು ‘ನ್ಯೂ ಸೈಟ್’ ಆಯ್ದು ತಾಣಕ್ಕೊಂದು ಹೆಸರು ಕೊಡಬೇಕು. ಅದರ ಸಮಸ್ತವೂ ಇರತಕ್ಕ ಮೂಲ ಫೋಲ್ಡರನ್ನು ತೋರಿಸಬೇಕು. ಆ ಬಳಿಕ ಹೊರಗಿನ ಚಿತ್ರವೊಂದನ್ನು ಸೇರಿಸಹೊರಟರೆ, ಅದನ್ನು ಒಳಗೆ ನಕಲಿಸಲೇ ಎಂದು ತಂತ್ರಾಂಶವೇ ಕೇಳುತ್ತದೆ. ಹಾಗೆ ಮಾಡದ ನನ್ನ ಪುಟಗಳು ನನ್ನದೇ ಗಣಕದ ಸಿ ಡ್ರೈವ್‌ನ ವಿಳಾಸವನ್ನು ಹೊತ್ತು ಕುಷ್ಟಗಿಗೆ ಹೋಗಿದ್ದವು. ಕಡತಗಳ ಹೆಸರು ಸಣ್ಣಕ್ಷರದಲ್ಲಿರಲಿ, ನಡುವೆ ತೆರವು ಬೇಡ ಎಂದೂ ಅವನು ಹೇಳಿದ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೆಣಿಸದು. ಅನೇಕ ಸರ್ವರ್‌ಗಳು ಎಣಿಸುತ್ತವೆ.

ಲಿಪಿಯ ಪಾಠವನ್ನು ನಾನು ನಮ್ಮ ಗವಿಮಠದ ಬಂಡೆಯಿಂದಲೇ ಕಲಿಯಬಹುದಿತ್ತು. ಅಶೋಕನ ಶಾಸನ ಅಲ್ಲಿ ಅಳಿಯದೆ ಉಳಿದರೂ ಬ್ರಾಹ್ಮಿಯನ್ನು ಓದಬಲ್ಲವರು ಶತಮಾನಗಳ ಕಾಲ ಇರಲಿಲ್ಲ. ಅಕ್ಷರ ಉಳಿದರೆ ಸಾಲದು, ಓದುವವನ ಬಳಿ ಅದರ ಕೀಲಿಯೂ ಇರಬೇಕು. ಬರೆಹವನ್ನೆಲ್ಲ ಯೂನಿಕೋಡ್‌ನಲ್ಲಿ ಮತ್ತೆ ಬೆರಳಚ್ಚಿಸಿ, ಪುಟದ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಇಟ್ಟೆ.

ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಫೋಲ್ಡರ್ ಮಾಡಿ, ಎರಡು ತಿಂಗಳ ತರುವಾಯ ಮತ್ತೆ ಕುಷ್ಟಗಿಗೆ ಹೋದೆ. 1112ರ ಇಟಗಿಯ ಗುಡಿ ಪರದೆಯ ಮೇಲೆ ಮೂಡಿತು. ಬಹಳ ಹೊತ್ತು ನೋಡಿದ ಅವರು ಹೊಗಳಲಿಲ್ಲ. “ಶಿಖರದ ಎಡಗಡೆ ಗೆರಿ ಸ್ವಲ್ಪ ತೆಳು ಬಂದೈತಿ” ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಅವರು ಈಗಿಲ್ಲ. ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾಗಿ ನಮ್ಮ ನಾಲ್ಕು ಏಳಾದವು. ಇಟಗಿ ಕುಕನೂರಿಗೆ ಸೇರಿತು. ನಾನೂ ಹಳೆಯ ಗಣಕ ತೆರೆದು ಇಟಗಿಯ ಪುಟವನ್ನು ಹೊಸ ಫೋಲ್ಡರಿಗೆ ಎಳೆದೆ. ಕೊಂಡಿಗಳನ್ನೆಲ್ಲ ಸರಿಪಡಿಸಲೇ ಎಂದು ತಂತ್ರಾಂಶ ಕೇಳಿತು. ಹೌದು ಎಂದು ಒತ್ತಿದೆ. ಚಿತ್ರ ಎಲ್ಲಿಯೂ ಕಳೆದುಹೋಗಲಿಲ್ಲ. ಎಡಗಡೆಯ ಗೆರೆ ಈಗಲೂ ತೆಳುವಾಗಿಯೇ ಇದೆ.